ವಿಮಾನದ ಮೇಲಣ ದಾನಲೇಖ

ಕಲಬುರಗಿಯ ಕೋಟೆಯ ತೋಪುಗಳನ್ನು ಕಂಡವರು ಅವನ್ನು ಮಾಡಿಸಿದ ಅರಸರನ್ನು ನೆನೆವರು. ಅದರ ವೆಚ್ಚವನ್ನು ತೆತ್ತ ಪ್ರಜೆಗಳನ್ನು ನೆನೆವವರು ವಿರಳ. ಈ ಕೋಟೆಯನ್ನೂ ಕಮಲಾಪುರವನ್ನೂ ಒಳಗೊಂಡಿದ್ದ ಹೈದರಾಬಾದು ಸಂಸ್ಥಾನವು ಬಾಂಬು ವಿಮಾನಗಳನ್ನು ದಾನಮಾಡಿದ ಪ್ರಸಂಗಕ್ಕೂ ಈ ಮಾತು ಸಲ್ಲುತ್ತದೆ.

1918ರಲ್ಲಿ ನಿಜಾಮ್ ಮೀರ್ ಉಸ್ಮಾನ್ ಅಲಿ ಖಾನರ ಕೊಡುಗೆಯಿಂದ ಬ್ರಿಟಿಷ್ ವಾಯುದಳದ 110ನೆಯ ತುಕಡಿಗೆ ಡಿ.ಎಚ್. 9ಎ ಎಂಬ ಜೋಡಿರೆಕ್ಕೆಯ ವಿಮಾನಗಳು ದೊರೆತು, ಆ ತುಕಡಿಗೆ ‘ಹೈದರಾಬಾದ್’ ಎಂಬ ಹೆಸರಾಯಿತು. ಹಿಂದಿನ ಡಿ.ಎಚ್. 9ರ ದೋಷವು ಯಂತ್ರದ ದೌರ್ಬಲ್ಯ. ಸುಮಾರು 400 ಅಶ್ವಶಕ್ತಿಯ ಅಮೆರಿಕದ ಲಿಬರ್ಟಿ ಯಂತ್ರವನ್ನಿಟ್ಟು, ರೆಕ್ಕೆಗಳನ್ನು ನೀಳಗೊಳಿಸಿ ಅದನ್ನು ಪರಿಹರಿಸಿದರು. ತುಕಡಿಯು ಜರ್ಮನಿಯ ಊರುಗಳ ಮೇಲೆ ಹಗಲುದಾಳಿ ನಡೆಸಿ 1919ರಲ್ಲಿ ವಿಸರ್ಜಿತವಾಯಿತು. ಆದರೆ ಆ ಜಾತಿಯ ವಿಮಾನಗಳು 1920ರ ದಶಕದಲ್ಲಿ ಇರಾಕಿನಲ್ಲಿಯೂ ಭಾರತದ ವಾಯವ್ಯ ಗಡಿಯಲ್ಲಿಯೂ ಬುಡಕಟ್ಟಿನವರ ಮೇಲೆ ಬಾಂಬು ಕೆಡಹಿದವು. ಅದರ ರೆಕ್ಕೆ ಮೊದಲಾದ ಅಂಗಗಳನ್ನು ಬಳಸಿ ರೂಪಿಸಿದ ವಾಪಿಟಿಯೇ 1933ರಲ್ಲಿ ಭಾರತೀಯ ವಾಯುದಳದ ಮೊದಲ ವಿಮಾನವಾಯಿತು.

1918ರ ಅಕ್ಟೋಬರ್ 5ರಂದು ಶತ್ರುವಶವಾದ ಎಫ್ 1010 ಎಂಬುದು ಈಗ ಲಂಡನ್ನಿನ ವಾಯುದಳ ವಸ್ತುಸಂಗ್ರಹಾಲಯದಲ್ಲಿದೆ. ಅದು ನಿಜಾಮರ ಕೊಡುಗೆಯೆಂದು ಅದರ ಮೇಲಣ ಲೇಖವು ಸಾರುತ್ತದೆ. ಇದು ದಾನಶಾಸನವೇ ಸರಿ, ಆದರೆ ಊನವಾದುದು. ಕನ್ನಡ ನಾಡಿನ ದಾನಶಾಸನಗಳಲ್ಲಿ ದಾನಿಯ ಹೆಸರಿನೊಡನೆ ಭೂಮಿಯ ಎಲ್ಲೆ, ಸುಂಕದ ಬಾಬು, ವಿನಿಯೋಗ ಇವನ್ನೂ ನಮೂದಿಸುವುದು ವಾಡಿಕೆ. ಇಲ್ಲಿಯಾದರೋ ಧನವು ಸರ್ಕಾರಿ ಖಜಾನೆಯದೋ ಸರ್ಫೆ ಖಾಸಿನದೋ ಎಂಬುದೂ ಇಲ್ಲ. ಎರಡಕ್ಕೂ ಮುಖ್ಯ ಮೂಲವು ಭೂಕಂದಾಯವೇ. ಆದುದರಿಂದ ಲೇಖವೊಂದನ್ನೇ ಪ್ರಮಾಣವಾಗಿ ಕೊಂಡು ದಾನಿಯನ್ನು ಹೊಗಳಿ ಮುಗಿಸುವುದು ಸಾಧುವಲ್ಲ. ಕಂದಾಯ ತೆತ್ತವರನ್ನೂ ಬಾಂಬಿಗೆ ಗುರಿಯಾದವರನ್ನೂ ಕೂಡಿಸಿ ಓದಿದಲ್ಲಿಯೇ ಅದರ ಅರ್ಥವು ಪೂರ್ಣವಾಗುವುದು.