ಕುಬಟೂರಿನ ಕಲ್ಲು, ವಿಕಿಪೀಡಿಯದ ಪುಟ

ಸೊರಬ ತಾಲ್ಲೂಕಿನಲ್ಲಿ, ಆನವಟ್ಟಿಯ ಪಕ್ಕ ಇರುವ ಕುಬಟೂರಿನ ಬಗ್ಗೆ ಅಂತರ್ಜಾಲದಲ್ಲಿ ಹುಡುಕಿದರೆ ಒಂದು ವಾಕ್ಯ ಮತ್ತೆ ಮತ್ತೆ ಎದುರಾಗುತ್ತದೆ. ಇಲ್ಲಿನ ಕೈಟಭೇಶ್ವರ ದೇವಾಲಯ ಹೊಯ್ಸಳ ದೊರೆ ವಿನಯಾದಿತ್ಯನ ಕಾಲದಲ್ಲಿ, ಸುಮಾರು ಕ್ರಿ.ಶ. 1100ರಲ್ಲಿ ಕಟ್ಟಿದ್ದು ಎಂಬುದು ಆ ವಾಕ್ಯ. ವಿನಯಾದಿತ್ಯನ ಆಳ್ವಿಕೆ 1098ಕ್ಕೆ ಮುಗಿಯಿತು ಎಂದು ಚರಿತ್ರೆಯ ಪುಸ್ತಕಗಳು ಹೇಳುತ್ತವೆ. ‘ಸುಮಾರು’ ಎಂಬ ಮಾತು ಆ ಎರಡು ವರ್ಷಗಳನ್ನು ನುಂಗಿಕೊಳ್ಳಬಹುದು. ಆದರೆ ಬನವಾಸಿ ನಾಡಿಗೆ ಸೇರಿದ ಈ ಸೀಮೆ ಆಗ ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕೈಯಲ್ಲಿತ್ತು. ಹೊಯ್ಸಳರು ಅವನ ಸಾಮಂತರು. ಗುಡಿಯ ಶೈಲಿಯೂ ಬಹುಪಾಲು ಚಾಲುಕ್ಯರದೇ. ಹಾಗಿದ್ದ ಮೇಲೆ ವಿನಯಾದಿತ್ಯನ ಹೆಸರು ಇಲ್ಲಿಗೆ ಯಾವ ಶಾಸನದ ಆಧಾರದಿಂದ ಬಂತು? ಆ ವಾಕ್ಯವನ್ನು ನಕಲು ಮಾಡುತ್ತಾ ಹೋದವರು ಈ ಪ್ರಶ್ನೆ ಕೇಳಿದಂತೆ ಕಾಣುವುದಿಲ್ಲ.

ಕನ್ನಡ ವಿಕಿಪೀಡಿಯ ಬೆಳೆಯಿತೇ ಎಂದು ಯಾರಾದರೂ ಕೇಳಿದರೆ ನನಗೆ ಮೊದಲು ನೆನಪಾಗುವುದು ಈ ವಾಕ್ಯ. ಬೆಳವಣಿಗೆಯ ಮಾತು ಬಂದಾಗ ನಾವು ಲೇಖನಗಳನ್ನು ಎಣಿಸುತ್ತೇವೆ. ಎಣಿಸಿದರೆ ಸಿಗುವ ಲೆಕ್ಕ ಹೀಗಿದೆ. 2003ರ ಜೂನ್‌ನಲ್ಲಿ ಶುರುವಾದ ಕನ್ನಡ ವಿಕಿಪೀಡಿಯದಲ್ಲಿ ಎರಡು ದಶಕಗಳ ನಂತರ ಮೂವತ್ತು ಸಾವಿರಕ್ಕಿಂತ ತುಸು ಹೆಚ್ಚು ಲೇಖನಗಳಿವೆ. 2011ರ ಜನಗಣತಿಯ ಪ್ರಕಾರ ಕನ್ನಡವನ್ನು ಮಾತೃಭಾಷೆ ಎಂದವರು ನಾಲ್ಕು ಕೋಟಿಗೂ ಹೆಚ್ಚು. ಸ್ಪೇನ್ ಮತ್ತು ಫ್ರಾನ್ಸಿನ ಗಡಿಯಲ್ಲಿ ಬಾಸ್ಕ್ ಭಾಷೆಯನ್ನು ಆಡುವವರು ಒಂದು ಕೋಟಿಯ ಹತ್ತನೆಯ ಒಂದು ಪಾಲೂ ಇಲ್ಲ. ಅವರ ವಿಕಿಪೀಡಿಯ ನಾಲ್ಕು ಲಕ್ಷ ಲೇಖನಗಳನ್ನು ದಾಟಿದೆ. ಈ ಹೋಲಿಕೆಯನ್ನು ಕೇಳಿದವರು ‘ಛೆ’ ಅನ್ನುತ್ತಾರೆ. ಆ ಉದ್ಗಾರ ಸಹಜ, ಆದರೆ ಅದು ನಮ್ಮನ್ನು ದಾರಿ ತಪ್ಪಿಸುತ್ತದೆ.

ಎಣಿಕೆಯೇ ಅಳತೆಯಾದರೆ ಫಿಲಿಪೈನ್ಸಿನ ಸೆಬುವಾನೊ ಭಾಷೆ ಜಗತ್ತಿನ ಮುಂಚೂಣಿಯಲ್ಲಿದೆ. ಅಲ್ಲಿ ಅರವತ್ತು ಲಕ್ಷ ಲೇಖನಗಳಿವೆ. ಅವುಗಳಲ್ಲಿ ಹೆಚ್ಚಿನವನ್ನು ಬರೆದದ್ದು ಸ್ವೀಡನ್ನಿನ ಒಬ್ಬರು ರೂಪಿಸಿದ ಗಣಕ ಪ್ರೋಗ್ರಾಂ. ಬಾಸ್ಕ್ ವಿಕಿಪೀಡಿಯದ ಸಂಖ್ಯೆಯಲ್ಲೂ ಯಂತ್ರ ಹುಟ್ಟಿಸಿದ ಚುಟುಕು ಪುಟಗಳ ಪಾಲಿದೆ. ಬಾಸ್ಕರಿಂದ ಕಲಿಯಬೇಕಾದ್ದು ಬೇರೆ ಕಡೆ ಇದೆ. ಶಾಲೆಯ ಮಕ್ಕಳಿಗೆ ಯಾವ ವಿಷಯಗಳು ಬೇಕೇಬೇಕು ಎಂದು ಪಟ್ಟಿ ಮಾಡಿ, ವಿಶ್ವವಿದ್ಯಾಲಯದ ವಿದ್ಯಾರ್ಥಿಗಳನ್ನೂ ವಿಷಯ ಬಲ್ಲವರನ್ನೂ ಕೂರಿಸಿ ಆ ಲೇಖನಗಳನ್ನು ತಿದ್ದಿಸಿ ಬೆಳೆಸಿದರು. 2018ರಲ್ಲಿ ಮಕ್ಕಳಿಗಾಗಿಯೇ ‘ಚಿಕಿಪೀಡಿಯ’ ಎಂಬ ಪ್ರತ್ಯೇಕ ವಿಭಾಗ ತೆರೆದರು. ನಮಗೆ ಇದು ಹೊಸ ಆಲೋಚನೆಯೇನಲ್ಲ. ಶಿವರಾಮ ಕಾರಂತರು ಒಬ್ಬರೇ ಕುಳಿತು ಮೂರು ಸಂಪುಟಗಳ ‘ಬಾಲಪ್ರಪಂಚ’ವನ್ನು 1930ರ ದಶಕದಲ್ಲೇ ಕನ್ನಡದ ಮಕ್ಕಳ ಕೈಗಿಟ್ಟಿದ್ದರು. ಅದರ ಅಂತರ್ಜಾಲದ ವಾರಸುದಾರ ಇನ್ನೂ ಹುಟ್ಟಬೇಕಾಗಿದೆ.

ಕನ್ನಡ ವಿಕಿಪೀಡಿಯಕ್ಕೂ ಸಂಖ್ಯೆಯ ರುಚಿ ಹತ್ತಿದ ಕಾಲವೊಂದಿತ್ತು. 2010ರ ಆಸುಪಾಸಿನಲ್ಲಿ ಗೂಗಲ್ ಸಂಸ್ಥೆ ತನ್ನ ಅನುವಾದ ಸಲಕರಣೆಯನ್ನು ಬಳಸಿ, ಸಂಬಳದ ಅನುವಾದಕರಿಂದ, ಇಂಗ್ಲಿಷ್ ಲೇಖನಗಳನ್ನು ಭಾರತದ ಹಲವು ಭಾಷೆಗಳಿಗೆ ತರಿಸಿತು. ಬಂಗಾಳಿ ವಿಕಿಪೀಡಿಯದವರು ಅಂಥ ಲೇಖನಗಳನ್ನು ಒಪ್ಪದೆ ತೆಗೆದುಹಾಕಿದರು. ತಮಿಳರು ಮಾತುಕತೆಗೆ ಕೂತು ಗುಣಮಟ್ಟದ ಷರತ್ತು ಹಾಕಿದರು. ಕನ್ನಡದಲ್ಲಿ ಅವು ಬಹುಮಟ್ಟಿಗೆ ಉಳಿದುಕೊಂಡವು. ಅವುಗಳಲ್ಲಿ ಒಂದನ್ನು ಓದಿ ನೋಡಿ. ಉದ್ದವಾದ ಲೇಖನ, ಅಡಿಟಿಪ್ಪಣಿಗಳ ರಾಶಿ, ಆದರೆ ವಾಕ್ಯ ನಡೆಯುವುದಿಲ್ಲ. ಎಲ್ಲವೂ ‘ಮಾಡಲ್ಪಟ್ಟಿತು’, ‘ಪರಿಗಣಿಸಲ್ಪಡುತ್ತದೆ’, ‘ಕರೆಯಲ್ಪಟ್ಟನು’. ಪದ ಕನ್ನಡದ್ದು, ಬೆನ್ನುಮೂಳೆ ಇಂಗ್ಲಿಷಿನದು. ಇದನ್ನು ಓದುವ ಹೈಸ್ಕೂಲಿನ ಹುಡುಗಿ ವಿಷಯ ಅರ್ಥವಾಗದಿದ್ದಾಗ ತಪ್ಪು ಬರೆದವರದು ಅಂದುಕೊಳ್ಳುವುದಿಲ್ಲ. ಕನ್ನಡದಲ್ಲಿ ಇಂಥದ್ದನ್ನೆಲ್ಲ ಹೇಳಲು ಬರುವುದಿಲ್ಲ ಅಂದುಕೊಳ್ಳುತ್ತಾಳೆ. ಲೇಖನವೇ ಇಲ್ಲದಿದ್ದರೆ ಆಗುತ್ತಿದ್ದ ನಷ್ಟಕ್ಕಿಂತ ಇದು ದೊಡ್ಡದು. ಈಗ ಕನ್ನಡ ಕಲಿಯುತ್ತಿರುವ ಯಂತ್ರಗಳಿಗೂ ವಿಕಿಪೀಡಿಯವೇ ಒಂದು ಪಠ್ಯಪುಸ್ತಕ ಎಂಬುದನ್ನು ನೆನೆದರೆ ಈ ಗದ್ಯದ ಆಯುಷ್ಯ ನಾವು ಎಣಿಸಿದ್ದಕ್ಕಿಂತ ಉದ್ದವಿದೆ.

ಸ್ವಯಂಸೇವಕರೇ ಪ್ರೀತಿಯಿಂದ ಬರೆದ ಲೇಖನಗಳಲ್ಲಿ ಇರುವ ತೊಡಕು ಬೇರೆ ಬಗೆಯದು. ವಿಕಿಪೀಡಿಯದ ಮೊದಲ ನಿಯಮಗಳಲ್ಲಿ ಒಂದು ತಟಸ್ಥ ದೃಷ್ಟಿಕೋನ. ಕನ್ನಡದಲ್ಲಿ ಕ್ರಿಯಾಪದದ ಕೊನೆಗೆ ಬಂದಾಗಲೇ ತಟಸ್ಥತೆಯ ಪರೀಕ್ಷೆ ಶುರುವಾಗುತ್ತದೆ. ಕುಬಟೂರಿನಲ್ಲಿ ಹುಟ್ಟಿ 1990ರಲ್ಲಿ ಮುಖ್ಯಮಂತ್ರಿಯಾದ ಎಸ್. ಬಂಗಾರಪ್ಪ ‘ಹುಟ್ಟಿದರು’. ಅದೇ ಊರಿನಲ್ಲಿ ಬಸದಿ ಕಟ್ಟಿಸಿದ ಕದಂಬ ರಾಣಿ ಮಾಳಲದೇವಿ ‘ಕಟ್ಟಿಸಿದಳು’. ದೊರೆ ‘ಆಳಿದನು’, ಶರಣರು ‘ನುಡಿದರು’. ಇಂಗ್ಲಿಷಿನಲ್ಲಿ ಈ ಆಯ್ಕೆಯೇ ಇಲ್ಲ, ಆದ್ದರಿಂದ ಅಲ್ಲಿಂದ ತಂದ ನಿಯಮಾವಳಿಯಲ್ಲಿ ಇದಕ್ಕೆ ಉತ್ತರವೂ ಇಲ್ಲ. ಸತ್ತು ಎಷ್ಟು ಕಾಲವಾದ ಮೇಲೆ ಮನುಷ್ಯ ಬಹುವಚನದಿಂದ ಏಕವಚನಕ್ಕೆ ಇಳಿಯುತ್ತಾನೆ? ಜಾತಿ, ಪದವಿ, ಲಿಂಗ ಈ ಇಳಿತವನ್ನು ಹೇಗೆ ನಿರ್ಧರಿಸುತ್ತವೆ? ಇದು ನಮ್ಮ ಭಾಷೆಯೊಳಗೇ ನಡೆಯಬೇಕಾದ ಚರ್ಚೆ.

ಈ ಮಾಳಲದೇವಿಯ ಕತೆಯಲ್ಲೇ ಇನ್ನೊಂದು ಪಾಠವಿದೆ. ಕದಂಬ ಕೀರ್ತಿದೇವನ ರಾಣಿಯಾದ ಅವಳು 1077ರಲ್ಲಿ ಕುಪ್ಪಟೂರಿನಲ್ಲಿ, ಅಂದರೆ ಇಂದಿನ ಕುಬಟೂರಿನಲ್ಲಿ, ಪಾರ್ಶ್ವನಾಥ ಬಸದಿಗೆ ದತ್ತಿ ಬಿಟ್ಟಳು. ಊರಿನ ಅಗ್ರಹಾರದ ಬ್ರಾಹ್ಮಣರನ್ನು ಗೌರವಿಸಿದ ಮೇಲೆ ಆ ಬಸದಿಗೆ ‘ಬ್ರಹ್ಮಜಿನಾಲಯ’ ಎಂಬ ಹೆಸರಾಯಿತು. ಇಷ್ಟು ನಮಗೆ ಗೊತ್ತಿರುವುದು ಒಂದು ಶಾಸನದಿಂದ. ಬಿ.ಎಲ್. ರೈಸ್ 1904ರಲ್ಲಿ ಪ್ರಕಟಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಎಂಟನೆಯ ಸಂಪುಟದಲ್ಲಿ ಸೊರಬ ತಾಲ್ಲೂಕಿನ ಇಂಥ ನೂರಾರು ಶಾಸನಗಳಿವೆ. ಯಾರು ಕೊಟ್ಟರು, ಯಾರಿಗೆ, ಯಾವ ದಿನ, ಯಾರ ಆಳ್ವಿಕೆಯಲ್ಲಿ, ಎಲ್ಲಿಂದ ಎಲ್ಲಿಯವರೆಗೆ ಎಂದು ಹೇಳುವುದು ಶಾಸನದ ಕ್ರಮ. ಉಲ್ಲೇಖವಿಲ್ಲದ ಮಾತನ್ನು ಒಪ್ಪುವುದಿಲ್ಲ ಎಂಬ ವಿಕಿಪೀಡಿಯದ ಹಟ ಈ ಸೀಮೆಗೆ ಒಂಬೈನೂರು ವರ್ಷ ಹಳೆಯದು. ಹಳ್ಳಿಗಳ ಬಗ್ಗೆ ಬರೆಯಲು ಆಧಾರ ಸಿಗುವುದಿಲ್ಲ ಎಂಬ ದೂರು ಈ ಎರಡು ತಾಲ್ಲೂಕುಗಳ ಮಟ್ಟಿಗೆ ನಿಲ್ಲುವುದಿಲ್ಲ. ಶಿಕಾರಿಪುರದ ಶಾಸನಗಳು ಅದರ ಹಿಂದಿನ, ಏಳನೆಯ ಸಂಪುಟದಲ್ಲಿವೆ. ಆದರೂ ನಮ್ಮ ಹಳ್ಳಿಗಳ ಪುಟಗಳಲ್ಲಿ ಸಾಮಾನ್ಯವಾಗಿ ಸಿಗುವುದು ತಾಲ್ಲೂಕು ಯಾವುದು, ಜಿಲ್ಲೆ ಯಾವುದು ಎಂಬ ಎರಡು ಸಾಲು.

ಶಾಸನಕ್ಕೂ ವಿಕಿಪೀಡಿಯಕ್ಕೂ ಇರುವ ವ್ಯತ್ಯಾಸವೂ ಅಷ್ಟೇ ಮುಖ್ಯ. ಶಾಸನ ಕೊನೆಯಲ್ಲಿ ಶಾಪ ಹಾಕುತ್ತದೆ, ಇದನ್ನು ಕೆಡಿಸಿದವನಿಗೆ ಇಂಥ ಪಾಪ ಬರಲಿ ಎನ್ನುತ್ತದೆ. ವಿಕಿಪೀಡಿಯ ಪ್ರತಿ ಪುಟದ ನೆತ್ತಿಯಲ್ಲಿ ‘ಸಂಪಾದಿಸಿ’ ಎಂದು ಕರೆಯುತ್ತದೆ. ಜ್ಞಾನಕ್ಕೆ ಎರಡೂ ಬೇಕು. 2013ರಲ್ಲಿ ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ ನಡೆದ ಉತ್ಖನನದಲ್ಲಿ ಸಿಂಹಕಟಾಂಜನದ ಶಾಸನ ಸಿಕ್ಕಿತು. ಅದು ಕ್ರಿ.ಶ. 370ರದ್ದು, ಹಲ್ಮಿಡಿ ಶಾಸನಕ್ಕಿಂತ ಹಳೆಯದು ಎಂಬ ವಾದ ಬಂತು. ಮೈಸೂರು ವಿಶ್ವವಿದ್ಯಾಲಯದ ಹದಿನಾಲ್ಕು ಸಂಪುಟಗಳ ‘ಕನ್ನಡ ವಿಶ್ವಕೋಶ’ದಲ್ಲಿ ಆ ವಾದಕ್ಕೆ ಜಾಗ ಮಾಡಲು ಮರುಮುದ್ರಣಕ್ಕೆ ಕಾಯಬೇಕು. ವಿಕಿಪೀಡಿಯದಲ್ಲಿ ಅದೇ ಸಂಜೆ ಸೇರಿಸಬಹುದು, ಒಪ್ಪದವರ ಮಾತನ್ನೂ ಪಕ್ಕದಲ್ಲಿಡಬಹುದು. ಹಾಗೆಯೇ ಚಂದ್ರಹಾಸನ ಕುಂತಳಪುರ ಇದೇ ಊರು ಎಂಬ ಕುಬಟೂರಿನವರ ನಂಬಿಕೆಗೂ ಅಲ್ಲಿ ಜಾಗವಿದೆ. ಅದನ್ನು ಇತಿಹಾಸವೆಂದು ಸಾರದೆ, ಮೂಢನಂಬಿಕೆಯೆಂದು ತಳ್ಳದೆ, ನಂಬಿಕೆಯೆಂದೇ ಬರೆದರೆ ಸಾಕು.

ವಿಶ್ವಕೋಶ ಎಂಬುದು ಈ ಮಣ್ಣಿಗೆ ಹೊರಗಿನಿಂದ ಬಂದದ್ದಲ್ಲ. ಪಕ್ಕದ ಸಾಗರ ತಾಲ್ಲೂಕಿನ ಕೆಳದಿಯ ಬಸವಪ್ಪ ನಾಯಕ ಹದಿನೆಂಟನೆಯ ಶತಮಾನದ ಆರಂಭದಲ್ಲೇ ‘ಶಿವತತ್ತ್ವರತ್ನಾಕರ’ವನ್ನು ರಚಿಸಿದ. ಆದರೆ ಅದು ಸಂಸ್ಕೃತದಲ್ಲಿತ್ತು, ಅರಮನೆಯಲ್ಲಿ ಹುಟ್ಟಿತ್ತು. ಈಗ ಕನ್ನಡದಲ್ಲಿ ಬರೆಯಬಹುದು, ಆನವಟ್ಟಿಯ ಕಾಲೇಜಿನಲ್ಲಿ ಓದುವ ಯಾರು ಬೇಕಾದರೂ ಬರೆಯಬಹುದು. ಕಾಲೇಜುಗಳಲ್ಲಿ ಅಂಕಕ್ಕಾಗಿ ವಿಕಿಪೀಡಿಯ ಲೇಖನ ಬರೆಸುವ ಪ್ರಯೋಗ ಬೆಂಗಳೂರಿನಲ್ಲೂ ಕರಾವಳಿಯಲ್ಲೂ ನಡೆದಿದೆ. ಅಂಕ ಸಿಕ್ಕ ಮೇಲೆ ಬರೆದವರಲ್ಲಿ ಉಳಿಯುವವರು ಕಡಿಮೆ. ಹೊಸ ಲೇಖನಕ್ಕೆ ಕೊಡುವ ಅಂಕವನ್ನು ಹಳೆಯ ಲೇಖನ ತಿದ್ದಿದ್ದಕ್ಕೂ ಕೊಟ್ಟರೆ ಹೇಗೆ? ಒಂದು ‘ಲ್ಪಟ್ಟಿತು’ ತೆಗೆದು ನೆಟ್ಟಗಿನ ಕನ್ನಡ ಮಾಡುವುದು, ಒಂದು ಹಳ್ಳಿಯ ಪುಟಕ್ಕೆ ಒಂದು ಶಾಸನದ ಸಂಖ್ಯೆ ಸೇರಿಸುವುದು, ವಿನಯಾದಿತ್ಯನ ಹೆಸರಿನ ಮುಂದೆ ‘ಉಲ್ಲೇಖ ಬೇಕು’ ಎಂದು ಗುರುತು ಹಾಕುವುದು. ಇದರಿಂದ ಲೇಖನಗಳ ಸಂಖ್ಯೆ ಒಂದೂ ಏರುವುದಿಲ್ಲ. ವಿಕಿಪೀಡಿಯ ಬೆಳೆಯುತ್ತದೆ.