ಪರಿವಿಡಿ ತಾನೇ ಮೂಡುವ ಸೊಗಸು

ಮಂಡ್ಯ ಜಿಲ್ಲೆಯ ಗುಡಿಗಳ ಮೇಲೆ ಪಿಎಚ್.ಡಿ. ಮಹಾಪ್ರಬಂಧ ಬರೆಯುವವರ ಪರಿವಿಡಿ ಚಿಕ್ಕದಾಗಲು ಸಾಧ್ಯವೇ? ಶ್ರೀರಂಗಪಟ್ಟಣದ ರಂಗನಾಥ, ಪಾಂಡವಪುರ ತಾಲ್ಲೂಕಿನ ಮೇಲುಕೋಟೆ, ತೊಣ್ಣೂರು, ಕೆ.ಆರ್. ಪೇಟೆ ಕಡೆಯ ಹೊಸಹೊಳಲು, ಕಿಕ್ಕೇರಿ, ಗೋವಿಂದನಹಳ್ಳಿ, ನಾಗಮಂಗಲದ ಸೌಮ್ಯಕೇಶವ, ಕಂಬದಹಳ್ಳಿಯ ಬಸದಿ. ತಾಲ್ಲೂಕಿಗೊಂದು ಅಧ್ಯಾಯ, ಗುಡಿಗೊಂದು ಉಪಶೀರ್ಷಿಕೆ. ಕಿಕ್ಕೇರಿಯನ್ನು ಹೊಸಹೊಳಲಿಗಿಂತ ಮುಂಚೆ ತನ್ನಿ ಎಂದು ಮಾರ್ಗದರ್ಶಕರು ಹೇಳಿದರೆ ಅಲ್ಲಿಂದಾಚೆಗೆ ಪುಟಸಂಖ್ಯೆಗಳೆಲ್ಲ ಅದಲುಬದಲು.

ಪುಟ ಜೋಡಿಸುವ ತಂತ್ರಾಂಶವಾದ ಲೇಟೆಕ್ ಮೇಲೆ ನನಗೆ ಪ್ರೀತಿ ಹುಟ್ಟುವುದು ಇಲ್ಲೇ. ಡೊನಾಲ್ಡ್ ಕನೂತ್ 1978ರಲ್ಲಿ ಹೊರತಂದ ಟೆಕ್ ತಂತ್ರಾಂಶದ ಮೇಲೆ ಲೆಸ್ಲಿ ಲ್ಯಾಂಪೋರ್ಟ್ 1980ರ ದಶಕದಲ್ಲಿ ಲೇಟೆಕ್ ಅನ್ನು ಕಟ್ಟಿದರು. ಇದು ಅಧ್ಯಾಯ, ಇದು ಉಪಶೀರ್ಷಿಕೆ ಎಂದು ಗುರುತು ಹಾಕಿದರೆ ಬರೆಯುವವರ ಕೆಲಸ ಮುಗಿಯಿತು. ಬರೆದ ಕಡತವನ್ನು ಓಡಿಸಿದಾಗ, ಮೊದಲ ಓಟದಲ್ಲಿ ತಂತ್ರಾಂಶ ಶೀರ್ಷಿಕೆಗಳನ್ನೂ ಪುಟಸಂಖ್ಯೆಗಳನ್ನೂ ಬೇರೆಯೊಂದು ಕಡತದಲ್ಲಿ ಬರೆದಿಡುತ್ತದೆ. ಎರಡನೆಯ ಓಟದಲ್ಲಿ ಅದನ್ನೇ ಓದಿ ಪರಿವಿಡಿ ಜೋಡಿಸುತ್ತದೆ. ಪರಿವಿಡಿಯೇ ಒಂದು ಪುಟ ಬೆಳೆದು ಉಳಿದದ್ದನ್ನು ತಳ್ಳಿದರೆ ಮೂರನೆಯ ಓಟ ಬೇಕು. ಮುನ್ನುಡಿ, ಕೃತಜ್ಞತೆಗಳಿಗೆ ರೋಮನ್ ಅಂಕಿ, ಮೊದಲ ಅಧ್ಯಾಯದಿಂದ ಹೊಸದಾಗಿ 1.

ವರ್ಡ್‌ನಲ್ಲೂ ಇದು ಸಾಧ್ಯ, ನಿಜ. ಆದರೂ ಅಲ್ಲಿ ಚುಕ್ಕಿಗಳನ್ನು ಕೈಯಾರೆ ಒತ್ತಿ ಒತ್ತಿ ಸಾಲು ಹೊಂದಿಸುವ ಅಭ್ಯಾಸ ನಮ್ಮಲ್ಲಿ ಹೋಗಿಲ್ಲ. ಲೇಟೆಕ್‌ನಲ್ಲಾದರೆ, 2004ರಲ್ಲಿ ಜೊನಾಥನ್ ಕ್ಯೂ ಅವರ ಝೀಟೆಕ್ ಎಂಬ ಟೆಕ್ ರೂಪ ಬಂದ ಮೇಲೆ ಯೂನಿಕೋಡ್ ಕನ್ನಡಕ್ಕೂ ದಾರಿ ಸುಗಮ. ಒತ್ತಕ್ಷರಗಳು ಅಚ್ಚುಕಟ್ಟಾಗಿ ಕೂರುತ್ತವೆ.

ಲೇಟೆಕ್‌ನ ಇನ್ನೊಂದು ಸಣ್ಣ ಅನುಕೂಲವಂತೂ ನನಗೆ ತುಂಬ ಇಷ್ಟ. ಒಳಪುಟದಲ್ಲಿ ‘ತೊಣ್ಣೂರಿನ ದೇವಾಲಯಗಳು: ವಾಸ್ತು, ಶಿಲ್ಪ ಮತ್ತು ಶಾಸನಗಳ ಅಧ್ಯಯನ’ ಎಂಬ ಉದ್ದನೆಯ ಶೀರ್ಷಿಕೆಯೇ ಇರಲಿ, ಚೌಕ ಆವರಣದಲ್ಲಿ ಚಿಕ್ಕ ಹೆಸರೊಂದನ್ನು ಕೊಟ್ಟರೆ ಪರಿವಿಡಿಯಲ್ಲಿ ‘ತೊಣ್ಣೂರು’ ಎಂದಷ್ಟೇ ಬರುತ್ತದೆ.