ಕತ್ತಲೆಕೋಣೆಯ ಚಂದ್ರೋದಯ

‘ಈಗಿನ ಫೋಟೊಗಳೆಲ್ಲ ಫೋಟೊಶಾಪ್ ಕಣ್ರೀ, ನಮ್ಮ ಕಾಲದಲ್ಲಿ ಕ್ಯಾಮೆರಾ ಕಂಡದ್ದೇ ಚಿತ್ರ’ ಎಂದು ವಾದಕ್ಕಿಳಿಯುವವರ ಮುಂದೆ ಅಮೆರಿಕದ ಛಾಯಾಗ್ರಾಹಕ ಆನ್ಸೆಲ್ ಆಡಮ್ಸ್‌ನ ‘ಮೂನ್‌ರೈಸ್’ ಚಿತ್ರದ ಎರಡು ಪ್ರಿಂಟು ಇಡಬೇಕು. ನೆಗೆಟಿವ್‌ನಿಂದ ನೇರ ಇಳಿಸಿದ್ದರಲ್ಲಿ ಆಕಾಶ ಬೂದು, ಮೇಲೆಲ್ಲ ಎಳೆ ಎಳೆ ಮೋಡ. ಆಡಮ್ಸ್ ಇಳಿವಯಸ್ಸಿನಲ್ಲಿ ಮಾಡಿದ್ದರಲ್ಲಿ ಅದೇ ಆಕಾಶ ಕಾಡಿಗೆಗಪ್ಪು. ಮೇಲಿನ ಮೋಡಗಳು ಮಾಯ.

ಆ ಚಿತ್ರ ತೆಗೆದದ್ದು 1941ರ ಕೊನೆಯ ತಿಂಗಳುಗಳ ಒಂದು ಸಂಜೆ, ನ್ಯೂ ಮೆಕ್ಸಿಕೊದ ಹರ್ನಾಂಡೆಜ್ ಹಳ್ಳಿಯಲ್ಲಿ. ಸ್ಮಶಾನದ ಶಿಲುಬೆಗಳ ಮೇಲಿನ ಬಿಸಿಲು ಇನ್ನೇನು ಜಾರಬೇಕು, ಲೈಟ್ ಮೀಟರ್ ಕೈಗೆ ಸಿಗುತ್ತಿಲ್ಲ. ಚಂದ್ರನ ಪ್ರಕಾಶ ಎಷ್ಟೆಂಬ ಲೆಕ್ಕ ಆಡಮ್ಸ್‌ಗೆ ಬಾಯಿಪಾಠ. ಅದನ್ನೇ ನಂಬಿ ಒಂದು ಸೆಕೆಂಡ್ ಬೆಳಕು ಬಿಟ್ಟ. ಎರಡನೆಯದಕ್ಕೆ ಸಜ್ಜಾಗುವಷ್ಟರಲ್ಲಿ ಬಿಸಿಲೇ ಇರಲಿಲ್ಲ. ಸಿಕ್ಕ ಒಂದೇ ನೆಗೆಟಿವ್‌ನಲ್ಲಿ ನೆಲದ ಭಾಗ ತೀರ ತೆಳು. 1948ರಲ್ಲಿ ಆ ಭಾಗವನ್ನಷ್ಟೇ ರಾಸಾಯನಿಕದಲ್ಲಿ ಅದ್ದಿ ಗಟ್ಟಿಮಾಡಿದ.

ಉಳಿದದ್ದು ಕತ್ತಲೆಕೋಣೆಯ ಕೈಗೆಲಸ. ನೆಗೆಟಿವ್ ಮೂಲಕ ಎನ್‌ಲಾರ್ಜರ್ ಬೆಳಕು ಹೆಚ್ಚು ಬಿದ್ದಷ್ಟೂ ಕಾಗದ ಕಪ್ಪಾಗುತ್ತದೆ. ತಿಳಿಯಾಗಿ ಉಳಿಯಬೇಕಾದ ಕಡೆ ತಂತಿಗೆ ಸಿಕ್ಕಿಸಿದ ರಟ್ಟಿನ ಬಿಲ್ಲೆ ಅಡ್ಡ ಹಿಡಿಯಬೇಕು, ಅದು ‘ಡಾಡ್ಜ್’. ಕಪ್ಪಾಗಬೇಕಾದ ಕಡೆಗೆ ಬೆರಳಸಂದಿಯಿಂದ ಇನ್ನಷ್ಟು ಬೆಳಕು ಬಿಡಬೇಕು, ಅದು ‘ಬರ್ನ್’. ಕೈ ಒಂದು ಕ್ಷಣ ನಿಂತರೂ ಅಂಚು ಗೆರೆಯಾಗಿ ಮೂಡುತ್ತದೆ. ತಪ್ಪು ಗೊತ್ತಾಗುವುದು ಕಾಗದ ಡೆವಲಪರ್ ಟ್ರೇಗೆ ಬಿದ್ದ ಮೇಲೆ. ಆಗ ಕಾಗದ ಕಸದಬುಟ್ಟಿಗೆ, ಎಣಿಕೆ ಮತ್ತೆ ಒಂದರಿಂದ. ಆ ಒಂದೇ ನೆಗೆಟಿವ್‌ನಿಂದ ಸಾವಿರಕ್ಕೂ ಹೆಚ್ಚು ಪ್ರಿಂಟು ಮಾಡಿದ ಆಡಮ್ಸ್ ವರ್ಷ ಕಳೆದಂತೆ ಆಕಾಶವನ್ನು ಇನ್ನಷ್ಟು ಕಪ್ಪಾಗಿಸುತ್ತ ಹೋದ.

ನಮ್ಮ ಸ್ಟುಡಿಯೊಗಳೇನು ಕಮ್ಮಿ? ಮೊಡವೆಯ ಕಲೆ ನೆಗೆಟಿವ್‌ನಲ್ಲಿ ತೆಳು ಚುಕ್ಕೆ. ಅದರ ಮೇಲೆ ಚೂಪು ಪೆನ್ಸಿಲ್ ಆಡಿಸಿದರೆ ಪ್ರಿಂಟಿನಲ್ಲಿ ಮದುವೆ ಹುಡುಗಿಯ ಕೆನ್ನೆ ನುಣುಪು. ‘ಟಚಿಂಗ್’ ಎನ್ನುತ್ತಿದ್ದರು, ಸುಳ್ಳು ಅಂತ ಯಾರೂ ಅನ್ನಲಿಲ್ಲ.

ಫೋಟೊಶಾಪ್ ಬಂದದ್ದು 1990ರಲ್ಲಿ. ಅದನ್ನು ರೂಪಿಸಿದ ಥಾಮಸ್ ಮತ್ತು ಜಾನ್ ನೋಲ್ ಸೋದರರ ತಂದೆಗೆ ಮನೆಯಲ್ಲೇ ಕತ್ತಲೆಕೋಣೆ ಇತ್ತು. ಹಳೆಯ ಕಸುಬನ್ನೇ ಮೌಸಿಗೆ ಇಳಿಸಿದರು, ಜೊತೆಗೆ ‘ಅನ್‌ಡೂ’ ಕೊಟ್ಟರು. ತಕರಾರು ಇರುವುದಾದರೆ ಈ ಅನ್‌ಡೂ ಬಗ್ಗೆ. ಕಾಗದ ದುಬಾರಿ ಎಂಬ ಭಯವಿದ್ದಾಗ ಬೆಳಕು ಬಿಡುವ ಮುನ್ನವೇ ಚಿತ್ರ ತಲೆಯಲ್ಲಿ ತೀರ್ಮಾನವಾಗಿರುತ್ತಿತ್ತು. ಈಗ ಮಧ್ಯರಾತ್ರಿವರೆಗೆ ಸ್ಲೈಡರ್ ಎಳೆದೂ ಎಳೆದೂ ಸೂರ್ಯಾಸ್ತಕ್ಕೆ ಕೇಸರಿಬಾತಿನ ಬಣ್ಣ ಬಂದಿರುತ್ತದೆ.

ಆಡಮ್ಸ್‌ಗೆ ಕಂಪ್ಯೂಟರ್ ಕಂಡರೆ ಮುನಿಸೇನೂ ಇರಲಿಲ್ಲ. ಎಲೆಕ್ಟ್ರಾನಿಕ್ ಚಿತ್ರಕ್ಕಾಗಿ ಕಾಯುತ್ತಿದ್ದೇನೆಂದು ಬರೆದೂ ಇದ್ದ, 1984ರಲ್ಲಿ ತೀರಿಕೊಂಡ. ಫೋಟೊಶಾಪಿನಲ್ಲಿ ಬರ್ನ್‌ಗೆ ಇಂದಿಗೂ ಬೆರಳು ಮಡಚಿದ ಕೈ, ಡಾಡ್ಜ್‌ಗೆ ಕಡ್ಡಿಯ ತುದಿಯ ಬಿಲ್ಲೆಯೇ ಗುರುತು. ಕತ್ತಲೆಕೋಣೆ ಕಾಣದ ಹುಡುಗರಿಗೆ ಅದು ಲಾಲಿಪಾಪ್.